ಹವಾಮಾನ ಬದಲಾವಣೆ ಮತ್ತು ಅರಣ್ಯ ನಿರ್ವಹಣೆ: ದಾಸ್ತಾನಿನ ಒಂದು ಪಾಠ

ವ್ಯಾಪಾರಿಯ ದಾಸ್ತಾನು ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ನಗದಾಗುತ್ತದೆ. ಶೀತವಲಯದ ಅರಣ್ಯ ನಿರ್ವಾಹಕನ ದಾಸ್ತಾನು ಕಟಾವಿಗೆ ಬರಲು ಅರುವತ್ತರಿಂದ ಎಂಬತ್ತು ವರ್ಷಗಳು ಬೇಕಾಗುತ್ತವೆ. ಇಂದು ನೆಟ್ಟ ಸಸಿ ಇಂದಿನ ಹವಾಮಾನದಲ್ಲಿ ಬಲಿಯುವುದಿಲ್ಲ. ಈ ದೃಷ್ಟಿಯಿಂದ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಅನುಭವವು ಅಧ್ಯಯನ ಯೋಗ್ಯವಾಗಿದೆ.

ನಷ್ಟದ ಕಾರಣಗಳು

ಲಾಡ್ಜ್‌ಪೋಲ್ ಪೈನ್ ಆ ಪ್ರಾಂತ್ಯದ ಪ್ರಮುಖ ವಾಣಿಜ್ಯ ಮರಗಳಲ್ಲೊಂದು. ಪರ್ವತ ಪೈನ್ ದುಂಬಿ ಅದರ ಹಳೆಯ ಶತ್ರು. ಉಷ್ಣತೆಯು ಮೈನಸ್ 35ರಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು ಕೆಲವು ದಿನ ನಿಂತರೆ ತೊಗಟೆಯ ಕೆಳಗಿನ ಮರಿಹುಳುಗಳು ಸಾಯುತ್ತಿದ್ದವು. ಚಳಿಗಾಲ ಸೌಮ್ಯವಾದಂತೆ ಈ ಸಹಜ ನಿಯಂತ್ರಣ ಸಡಿಲವಾಯಿತು. ದಶಕಗಳ ಕಾಲ ಕಾಳ್ಗಿಚ್ಚನ್ನು ಹತ್ತಿಕ್ಕಿದ್ದರಿಂದ ವಯಸ್ಸಾದ ಪೈನ್ ಮರಗಳೂ ಹೇರಳವಾಗಿದ್ದವು. 1990ರ ದಶಕದ ಕೊನೆಯಲ್ಲಿ ಹಬ್ಬತೊಡಗಿದ ಪಿಡುಗು ಸುಮಾರು 1.8 ಕೋಟಿ ಹೆಕ್ಟೇರ್ ಪ್ರದೇಶವನ್ನು ಬಾಧಿಸಿ, ಮಾರಾಟಯೋಗ್ಯ ಪೈನ್‌ನ ಅರ್ಧಕ್ಕೂ ಹೆಚ್ಚು ಭಾಗವನ್ನು ನಾಶಪಡಿಸಿತು.

ಗ್ರಹಿಕೆಯಲ್ಲಾದ ಬದಲಾವಣೆ

ಆರಂಭದಲ್ಲಿ ಇದನ್ನು ಕೀಟಬಾಧೆ ಎಂದೇ ಪರಿಗಣಿಸಿ, ಬಾಧಿತ ಮರಗಳನ್ನು ಕಡಿದು ಹರಡುವಿಕೆಯನ್ನು ತಡೆಯುವ ಯತ್ನ ನಡೆಯಿತು. ಅದು ಫಲಿಸದಿದ್ದಾಗ, ಸತ್ತ ಮರ ಬಿರುಕು ಬಿಟ್ಟು ಬೆಲೆ ಕಳೆದುಕೊಳ್ಳುವ ಮುನ್ನ ಮಾರಲು ವಾರ್ಷಿಕ ಕಟಾವಿನ ಮಿತಿಯನ್ನು ಹೆಚ್ಚಿಸಲಾಯಿತು. 2003ರ ಬಳಿಕ 2017, 2018 ಮತ್ತು 2023ರಲ್ಲೂ ಭೀಕರ ಕಾಳ್ಗಿಚ್ಚುಗಳು ಸಂಭವಿಸಿದವು. 2023ರಲ್ಲಿ 28 ಲಕ್ಷ ಹೆಕ್ಟೇರ್‌ಗಳಿಗೂ ಹೆಚ್ಚು ಪ್ರದೇಶ ಸುಟ್ಟಿತು. ಹಿಂದಿನ ಸರಾಸರಿಯು ಮುಂದಿನ ಯೋಜನೆಗೆ ಆಧಾರವಾಗಲಾರದೆಂಬುದು ಹೀಗೆ ಮನವರಿಕೆಯಾಯಿತು.

ಹೊಂದಾಣಿಕೆಯ ಕ್ರಮಗಳು

1. ಬೀಜದ ಆಯ್ಕೆ: ಸ್ಥಳೀಯ ಬೀಜವೇ ಶ್ರೇಷ್ಠವೆಂಬುದು ಹಳೆಯ ನಿಯಮ. 2009ರಲ್ಲಿ ಆರಂಭವಾದ ಪ್ರಯೋಗದಲ್ಲಿ 15 ಜಾತಿಗಳ ಸಸಿಗಳನ್ನು ಭಿನ್ನ ಹವಾಮಾನದ 48 ತಾಣಗಳಲ್ಲಿ ನೆಡಲಾಯಿತು. ಹವಾಮಾನವನ್ನು ಆಧರಿಸಿದ ಬೀಜ ಆಯ್ಕೆ 2018ರಲ್ಲಿ ಜಾರಿಗೆ ಬಂದು 2022ರಲ್ಲಿ ಕಡ್ಡಾಯವಾಯಿತು.

2. ಮಿಶ್ರ ನೆಡುತೋಪು: ಒಂದೇ ಜಾತಿಯನ್ನು ಅವಲಂಬಿಸದೆ ಹಲವು ಜಾತಿಗಳನ್ನು ಬೆಳೆಸಿ ನಷ್ಟಭಯವನ್ನು ಹಂಚುವುದು.

3. ಇಂಧನ ನಿರ್ವಹಣೆ: ನಿಯಂತ್ರಿತ ಬೆಂಕಿ ಹಾಗೂ ವಿರಳೀಕರಣದಿಂದ ಉರಿಯುವ ಸಾಮಗ್ರಿಯನ್ನು ತಗ್ಗಿಸುವುದು.

ಉದ್ಯಮಿಗಳಿಗೆ ಪಾಠ

ಕಟಾವು ಏರಿದ ವರ್ಷಗಳಲ್ಲಿ ಗಿರಣಿಗಳಿಗೆ ಕಚ್ಚಾವಸ್ತು ಯಥೇಚ್ಛವಾಗಿ ದೊರೆಯಿತು. ಆದರೆ ಅದು ಬೆಳವಣಿಗೆಯಾಗಿರಲಿಲ್ಲ; ಬಡ್ಡಿಯ ಬದಲು ಅಸಲನ್ನೇ ಖರ್ಚು ಮಾಡಿದ ಲೆಕ್ಕವಾಗಿತ್ತು. ಸತ್ತ ಮರ ಮುಗಿಯುತ್ತ ಬಂದಂತೆ ಕಟಾವಿನ ಮಿತಿ ಇಳಿಯಿತು. 2014ರಲ್ಲಿ ಕ್ವೆಸ್ನೆಲ್ ಹಾಗೂ ಹ್ಯೂಸ್ಟನ್ ಪಟ್ಟಣಗಳಲ್ಲಿ ತಲಾ ಒಂದು ಗಿರಣಿ ಮುಚ್ಚಿತು. 2019ರಲ್ಲಿ ಇನ್ನಷ್ಟು ಗಿರಣಿಗಳು ಮುಚ್ಚಿದವು.

ಮರವಿರಲಿ, ಹತ್ತಿಯಿರಲಿ, ಕಾಫಿಯಿರಲಿ, ನಿಸರ್ಗದಿಂದ ಕಚ್ಚಾವಸ್ತು ಪಡೆಯುವ ಪ್ರತಿಯೊಂದು ಘಟಕವೂ ಮೂರು ಪ್ರಶ್ನೆಗಳನ್ನು ಪರಿಶೀಲಿಸುವುದು ಒಳಿತು. ಅಗ್ಗದ ಪೂರೈಕೆ ಹೆಚ್ಚಿದ ಇಳುವರಿಯಿಂದ ಬಂದದ್ದೋ, ಸಂಕಟದ ಮಾರಾಟದಿಂದ ಬಂದದ್ದೋ? ಆ ಪೂರೈಕೆಯನ್ನು ನಂಬಿ ದೀರ್ಘಾವಧಿ ಸಾಲದಿಂದ ಯಂತ್ರ ಕೊಳ್ಳುವುದು ಸರಿಯೇ? ಒಂದೇ ಮೂಲ ಬತ್ತಿದರೆ ಬದಲಿ ಮೂಲವೇನು? ಇವುಗಳಿಗೆ ಉತ್ತರ ದೊರೆತ ನಂತರವೇ ವಿಸ್ತರಣೆಗೆ ಬಂಡವಾಳ ತೊಡಗಿಸುವುದು ವಿವೇಕಯುತ.