ಮದ್ದಿನ ಬಾಣ

ಮಕ್ಕಳೇ, ಮೊಗುಡಂಪಲ್ಲಿಯ ಕಡೆಯಿಂದ ಗಡಿ ದಾಟಿದರೆ ಕರ್ನಾಟಕದ ಚಿಂಚೋಳಿ ತಾಲೂಕು ಸಿಗುತ್ತದೆ. ಅಲ್ಲಿ ಸುಮಾರು 134 ಚದರ ಕಿಲೋಮೀಟರು ವಿಸ್ತಾರದ ವನ್ಯಜೀವಿಧಾಮವಿದೆ. ಚಿರತೆ, ತೋಳ, ಕತ್ತೆಕಿರುಬ ಮೊದಲಾದ ಪ್ರಾಣಿಗಳು ಆ ಕಾಡಿನಲ್ಲಿ ವಾಸಿಸುತ್ತವೆ. ಗಡಿಯ ಕಲ್ಲು ನಮಗೆ ತಿಳಿಯುತ್ತದೆ, ಚಿರತೆಗೆ ತಿಳಿಯದು. ನೀರು ಹುಡುಕುತ್ತಲೋ ನಾಯಿ, ಕುರಿಗಳ ಬೆನ್ನು ಹತ್ತಿಯೋ ಅದು ಕಬ್ಬಿನ ಹೊಲದವರೆಗೆ ಬಂದುಬಿಡಬಹುದು.

"ಚಿರತೆ ಬಂದಿದೆ!" ಎಂಬ ಸುದ್ದಿ ಹಬ್ಬಿದರೆ ಏನಾಗುತ್ತದೆ? ಊರಿಗೆ ಊರೇ ಅತ್ತ ಓಡುತ್ತದೆ. ಕೆಲವರು ಮರ ಹತ್ತುತ್ತಾರೆ, ಕೆಲವರು ಮೊಬೈಲು ಹಿಡಿದು ಚಿತ್ರ ತೆಗೆಯುತ್ತಾರೆ. ಅರಣ್ಯ ಇಲಾಖೆಯ ಜೀಪು ಬಂದೊಡನೆ ಎಲ್ಲರೂ ಕೇಳುವುದು ಒಂದೇ ಮಾತು: "ನಿದ್ದೆ ಮದ್ದಿನ ಬಂದೂಕು ಎಲ್ಲಿ? ಹೊಡೆಯಿರಿ, ಏಕೆ ತಡ?"

ಏಕೆ ತಡವಾಗುತ್ತದೆ ಎಂಬುದನ್ನೇ ಈ ಪಾಠದಲ್ಲಿ ತಿಳಿಯೋಣ.

ದೂರದ ಮಾತೇಕೆ? 2022ರ ಡಿಸೆಂಬರ್ 17ರಂದು ಸಂಗಾರೆಡ್ಡಿ ಜಿಲ್ಲೆಯ ಗಡ್ಡಪೋತಾರಂನಲ್ಲಿ ಒಂದು ಔಷಧ ಕಾರ್ಖಾನೆಯೊಳಗೆ ಚಿರತೆ ನುಗ್ಗಿತು. ಕೆಲಸಗಾರರು ಹೊರಗೆ ಬಂದರು. ಅರಣ್ಯ ಇಲಾಖೆಯವರೂ ಹೈದರಾಬಾದಿನ ನೆಹರು ಪ್ರಾಣಿ ಸಂಗ್ರಹಾಲಯದ ತಂಡದವರೂ ಬಂದರು. ಹಲವು ಗಂಟೆಗಳ ಕಾಲ ಕಾದು, ಮದ್ದಿನ ಬಾಣ ಹೊಡೆದು ಅದನ್ನು ಹಿಡಿದರು. ಔಷಧ ತಯಾರಿಸುವ ಜಾಗಕ್ಕೆ ಬಂದ ಚಿರತೆ ಔಷಧದಿಂದಲೇ ಸಿಕ್ಕಿತಲ್ಲ ಎಂದು ನಿಮಗೆ ನಗು ಬರಬಹುದು. ಆದರೆ ಆ ಹಲವು ಗಂಟೆಗಳಲ್ಲಿ ಮನುಷ್ಯರೂ ಸಾಯಲಿಲ್ಲ, ಚಿರತೆಯೂ ಸಾಯಲಿಲ್ಲ. ಅದು ಸಣ್ಣ ಕೆಲಸವಲ್ಲ.

ಈಗ ಬಾಣವನ್ನು ನೋಡೋಣ. ಇದು ಬಿಲ್ಲಿನಿಂದ ಬಿಡುವ ಬಾಣವಲ್ಲ. ಆಸ್ಪತ್ರೆಯಲ್ಲಿ ನಿಮಗೆ ಸೂಜಿ ಚುಚ್ಚುತ್ತಾರಲ್ಲ, ಅಂತಹ ಸಿರಿಂಜೇ ಇದು. ಇದಕ್ಕೆ ಡಾರ್ಟ್ ಎನ್ನುತ್ತಾರೆ. ಹಿಂದೆ ಬಣ್ಣದ ಕುಚ್ಚು ಇರುತ್ತದೆ. ಒಳಗೆ ಎರಡು ಕೋಣೆಗಳು. ಮುಂದಿನ ಕೋಣೆಯಲ್ಲಿ ಮದ್ದು, ಹಿಂದಿನ ಕೋಣೆಯಲ್ಲಿ ಒತ್ತಿ ತುಂಬಿದ ಗಾಳಿ. ಸೂಜಿಯ ತೂತು ತುದಿಯಲ್ಲಿರದೆ ಪಕ್ಕದಲ್ಲಿರುತ್ತದೆ. ಆ ತೂತನ್ನು ಒಂದು ರಬ್ಬರಿನ ಬಳೆ ಮುಚ್ಚಿರುತ್ತದೆ. ಬಾಣ ಪ್ರಾಣಿಯ ತೊಡೆಗೆ ಚುಚ್ಚಿದಾಗ ಆ ಬಳೆ ಹಿಂದಕ್ಕೆ ಸರಿಯುತ್ತದೆ. ತೂತು ತೆರೆಯುತ್ತದೆ. ಗಾಳಿಯು ಮದ್ದನ್ನು ಒಳಗೆ ತಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಗೊತ್ತಿರುವ ನಿಮಗೆ ಇದು ಸುಲಭವಾಗಿ ತಿಳಿಯುತ್ತದೆ.

ಬಾಣ ತಗುಲಿದ ಕೂಡಲೇ ಪ್ರಾಣಿ ದೊಪ್ಪನೆ ಬೀಳುತ್ತದೆಯೇ? ಸಿನಿಮಾದಲ್ಲಿ ಬೀಳುತ್ತದೆ. ನಿಜವಾಗಿ ಹಾಗಾಗುವುದಿಲ್ಲ. ಮದ್ದು ಮಾಂಸದಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗಬೇಕು. ಇದಕ್ಕೆ ಹತ್ತು ನಿಮಿಷವಾದರೂ ಹಿಡಿಯುತ್ತದೆ. ಪ್ರಾಣಿ ಹೆದರಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕು. ಹೆದರಿದಾಗ ನಿಮ್ಮ ಎದೆ ಡವಡವ ಹೊಡೆದುಕೊಳ್ಳುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ ಅಲ್ಲವೇ? ಚಿರತೆಗೂ ಹಾಗೆಯೇ. ಸುತ್ತ ಸಾವಿರ ಜನ ಕೂಗುತ್ತಿದ್ದರೆ ಮದ್ದು ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಇನ್ನೊಂದು ಬಾಣ ಹೊಡೆಯಬೇಕಾಗುತ್ತದೆ. ಮದ್ದು ಹೆಚ್ಚಾದರೆ ಉಸಿರೇ ನಿಲ್ಲಬಹುದು. ಕೂಗುವವರು ದೂರದಲ್ಲಿಯೇ ನಿಂತಿದ್ದರೂ ಪ್ರಾಣಿಗೆ ಕೇಡು ಮಾಡುತ್ತಿರುತ್ತಾರೆ.

ಆ ಹತ್ತು ನಿಮಿಷ ಮನುಷ್ಯರಿಗೂ ಅಪಾಯದ ಸಮಯ. 2016ರ ಫೆಬ್ರವರಿ 7ರಂದು ಬೆಂಗಳೂರಿನ ಒಂದು ಶಾಲೆಗೆ ಚಿರತೆ ಬಂದಿತ್ತು. ಅಂದು ಭಾನುವಾರ, ಮಕ್ಕಳು ಇರಲಿಲ್ಲ. ಅದನ್ನು ಹಿಡಿಯಲು ಹೋದವರಲ್ಲಿ ಕೆಲವರಿಗೆ ಗಾಯವಾಯಿತು. ಕತ್ತಲಾದ ಮೇಲೆಯೇ ಅದು ಸಿಕ್ಕಿತು.

ಹಾಸನ ಜಿಲ್ಲೆಯಲ್ಲಿ ನಡೆದದ್ದು ಇದಕ್ಕಿಂತ ದುಃಖದ ಸಂಗತಿ. ಅಲ್ಲಿ ವೆಂಕಟೇಶ್ ಎಂಬುವರಿದ್ದರು. ಆನೆಗಳಿಗೆ ಮದ್ದಿನ ಬಾಣ ಹೊಡೆಯುವುದರಲ್ಲಿ ಎಷ್ಟು ನಿಪುಣರೆಂದರೆ ಜನ ಅವರನ್ನು "ಆನೆ ವೆಂಕಟೇಶ್" ಎಂದೇ ಕರೆಯುತ್ತಿದ್ದರು. 2023ರ ಆಗಸ್ಟ್ 31ರಂದು ಆಲೂರು ತಾಲೂಕಿನಲ್ಲಿ, ಭೀಮ ಎಂಬ ಗಾಯಗೊಂಡ ಕಾಡಾನೆಗೆ ಚಿಕಿತ್ಸೆ ಮಾಡಲು ತಂಡವೊಂದು ಹೋಯಿತು. ವೆಂಕಟೇಶ್ ಬಾಣ ಹಾರಿಸಿದರು. ಮದ್ದು ಏರುವ ಮೊದಲೇ ಆನೆ ತಿರುಗಿ ಅವರ ಮೇಲೆ ಎರಗಿತು. ಅವರು ಉಳಿಯಲಿಲ್ಲ. ಆನೆಯ ಗಾಯ ಮಾಯಿಸಲು ಹೋದವರು ಅವರು.

ಇನ್ನು ಮದ್ದಿನ ವಿಷಯ. 1950ರ ದಶಕದಲ್ಲಿ ಅಮೆರಿಕದಲ್ಲಿ ಜಿಂಕೆ ಹಿಡಿಯಲು ನಿಕೊಟಿನ್ ಬಳಸುತ್ತಿದ್ದರು. ನಿಕೊಟಿನ್ ಎಂದರೆ ತಂಬಾಕಿನಲ್ಲಿರುವ ವಿಷ. ಅಳತೆ ಸ್ವಲ್ಪ ತಪ್ಪಿದರೂ ಜಿಂಕೆ ಸಾಯುತ್ತಿತ್ತು. ಈಗ ಅದಕ್ಕಿಂತ ಒಳ್ಳೆಯ ಮದ್ದುಗಳಿವೆ. ಚಿರತೆಗೆ ಹೆಚ್ಚಾಗಿ ಕೆಟಮಿನ್ ಮತ್ತು ಜೈಲಜಿನ್ ಎಂಬ ಎರಡು ಮದ್ದುಗಳನ್ನು ಬೆರೆಸಿ ಕೊಡುತ್ತಾರೆ. ಕೆಟಮಿನ್ ಮನುಷ್ಯರ ಶಸ್ತ್ರಚಿಕಿತ್ಸೆಗೂ ಬಳಕೆಯಾಗುತ್ತದೆ. ಆನೆ, ಘೇಂಡಾಮೃಗಗಳಂತಹ ದೊಡ್ಡ ಪ್ರಾಣಿಗಳಿಗೆ ಎಟಾರ್ಫಿನ್ ಎಂಬ ಇನ್ನೊಂದು ಮದ್ದಿದೆ. ಅದು ಆಸ್ಪತ್ರೆಯಲ್ಲಿ ನೋವು ತಡೆಯಲು ಕೊಡುವ ಮಾರ್ಫಿನ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಲವುಳ್ಳದ್ದು. ಅದರ ಒಂದು ಹನಿ ಗಾಯದ ಮೂಲಕ ಒಳಗೆ ಹೋದರೂ ಮನುಷ್ಯ ಸಾಯಬಹುದು. ಆದ್ದರಿಂದ ವೈದ್ಯರು ಕೈಗವಸು ತೊಟ್ಟೇ ಅದನ್ನು ಮುಟ್ಟುತ್ತಾರೆ. ಒಬ್ಬರೇ ಇರುವಾಗ ಅದರ ಸೀಸೆ ತೆರೆಯುವುದಿಲ್ಲ. ಪ್ರತಿಮದ್ದು, ಅಂದರೆ ಮದ್ದಿನ ಬಲ ಇಳಿಸುವ ಇನ್ನೊಂದು ಮದ್ದು, ಕೈಗೆಟುಕುವಂತೆ ಪಕ್ಕದಲ್ಲಿಯೇ ಇರಬೇಕು.

ಇಂತಹ ವಸ್ತು ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಸಿಗುವಂತೆ ಸಿಕ್ಕರೆ ಹೇಗೆ? ದಕ್ಷಿಣ ಆಫ್ರಿಕಾದಲ್ಲಿ ಘೇಂಡಾಮೃಗದ ಕೊಂಬು ಕದಿಯುವ ಕಳ್ಳರು ಇದೇ ಮದ್ದಿನ ಬಾಣ ಬಳಸಿದ್ದುಂಟು. ಗುಂಡಿನ ಸದ್ದಾದರೆ ಕಾವಲುಗಾರರು ಓಡಿ ಬರುತ್ತಾರೆ, ಬಾಣದ ಸದ್ದು ಕಡಿಮೆ. ಕೆಟಮಿನ್ನನ್ನು ಅಮಲಿಗಾಗಿ ಕದ್ದು ಮಾರುವವರೂ ಇದ್ದಾರೆ. ಹಾಗಾಗಿ ಭಾರತ ಸರ್ಕಾರವು 2011ರಲ್ಲಿ ಕೆಟಮಿನ್ನನ್ನು ಮಾದಕವಸ್ತು ಕಾನೂನಿನ ಅಡಿಗೆ ತಂದಿತು. 2013ರಲ್ಲಿ ಅದನ್ನು ಔಷಧ ನಿಯಮಗಳ ಎಕ್ಸ್ ಅನುಸೂಚಿಗೆ ಸೇರಿಸಿತು. ಅನುಸೂಚಿ ಎಂದರೆ ಪಟ್ಟಿ. ಈ ಪಟ್ಟಿಯ ಔಷಧ ಮಾರಲು ಅಂಗಡಿಯವರಿಗೆ ಬೇರೆ ಪರವಾನಗಿ ಬೇಕು. ಔಷಧವನ್ನು ಪ್ರತ್ಯೇಕ ಕಪಾಟಿನಲ್ಲಿ ಬೀಗ ಹಾಕಿ ಇಡಬೇಕು. ವೈದ್ಯರ ಚೀಟಿ ಎರಡು ಪ್ರತಿ ಇರಬೇಕು. ಒಂದು ಪ್ರತಿಯನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು. ಕಾಡಿಗೆ ಒಯ್ದ ಸೀಸೆಗೂ ಲೆಕ್ಕವಿದೆ. ಎಷ್ಟು ತೆಗೆದರು, ಎಷ್ಟು ಬಳಸಿದರು, ಎಷ್ಟು ಚೆಲ್ಲಿತು, ಎಷ್ಟು ಉಳಿಯಿತು, ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದಿಡಬೇಕು. ನಿಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟದ ಅಕ್ಕಿಗೆ ಲೆಕ್ಕ ಬರೆಯುತ್ತಾರಲ್ಲ, ಹಾಗೆ. ಆದರೆ ಇಲ್ಲಿ ಹನಿ ಹನಿಗೂ ಲೆಕ್ಕ.

ಮದ್ದು ಕೈಯಲ್ಲಿದ್ದರೆ ಸಾಲದು, ಅಪ್ಪಣೆಯೂ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಮನುಷ್ಯರ ಜೀವಕ್ಕೆ ಅಪಾಯವಾಗಿರುವ ಚಿರತೆಯ ಬಗ್ಗೆ ಆದೇಶ ಕೊಡುವವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. ಆದೇಶ ಬರಹದಲ್ಲಿರಬೇಕು, ಕಾರಣವನ್ನೂ ಬರೆಯಬೇಕು. ಹಿಡಿಯಲು, ಮದ್ದು ಕೊಟ್ಟು ಮಲಗಿಸಲು, ಬೇರೆಡೆಗೆ ಸಾಗಿಸಲು ಆಗುವುದೇ ಇಲ್ಲ ಎಂದು ಮನವರಿಕೆಯಾದ ಹೊರತು ಕೊಲ್ಲುವ ಆದೇಶ ಕೊಡುವಂತಿಲ್ಲ. ಈ ಕಾನೂನಿನಲ್ಲಿ ನನಗೆ ಬಹಳ ಹಿಡಿಸಿದ ಮಾತು ಇದು.

"ಇಷ್ಟೆಲ್ಲ ಕಾಗದ ಬರೆಯುವಷ್ಟರಲ್ಲಿ ನಮ್ಮ ಕರು ಸತ್ತಿರುತ್ತದೆ" ಎಂದು ರೈತರು ಸಿಟ್ಟಾಗುವುದುಂಟು. ಆ ಸಿಟ್ಟು ಸುಳ್ಳಲ್ಲ. ಹೈದರಾಬಾದಿನಿಂದ ಜಹೀರಾಬಾದಿಗೆ ಸುಮಾರು ನೂರು ಕಿಲೋಮೀಟರು. ಅಲ್ಲಿಂದ ಹಳ್ಳಿಯ ಹೊಲಕ್ಕೆ ಇನ್ನೂ ದೂರ. ಹಾಗೆಂದು ಬಂದೂಕನ್ನೂ ಮದ್ದನ್ನೂ ತರಬೇತಿಯಿಲ್ಲದವರ ಕೈಗೆ ಕೊಡಬಹುದೇ? ಚಿರತೆಯನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು. ಕಣ್ಣಳತೆಯಲ್ಲಿಯೇ ತೂಕ ತಿಳಿದು ಮದ್ದು ಅಳೆಯಬೇಕು. ಅದು ಓದಿ, ನೋಡಿ, ಹಲವು ವರ್ಷ ಮಾಡಿ ಕಲಿಯುವ ವಿದ್ಯೆ. ಬೀಗ ತೆಗೆಯುವುದಕ್ಕಿಂತ, ಬೀಗದ ಕೈ ಇರುವ ವೈದ್ಯರನ್ನು ಹಳ್ಳಿಗಳ ಹತ್ತಿರಕ್ಕೆ ತರುವುದು ಮೇಲು ಎಂದು ನನಗನಿಸುತ್ತದೆ. ನೀವು ಏನು ಹೇಳುತ್ತೀರಿ?

ಎಲ್ಲ ಸಲವೂ ಬಾಣ ಬೇಕೆಂದೇನೂ ಇಲ್ಲ. ಚಿರತೆ ಬಾವಿಗೆ ಬಿದ್ದಿದ್ದರೆ ಮದ್ದು ಕೊಡುವುದೇ ತಪ್ಪು. ನಿದ್ದೆ ಹತ್ತಿದ ಪ್ರಾಣಿ ನೀರಿನಲ್ಲಿ ಮುಳುಗುತ್ತದೆ. ಆಗ ಏಣಿ, ಮಂಚ ಅಥವಾ ಬೋನು ಇಳಿಸುತ್ತಾರೆ. ಹೊಲದಲ್ಲಿ ಕಂಡ ಚಿರತೆಗೆ ದಾರಿ ಬಿಟ್ಟರೆ ರಾತ್ರಿ ತಾನಾಗಿಯೇ ಹೊರಟುಹೋಗುವುದೇ ಹೆಚ್ಚು. 2011ರಲ್ಲಿ ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯೂ ಚಿರತೆಯನ್ನು ಕಂಡಕಂಡಲ್ಲಿ ಹಿಡಿಯುವುದನ್ನು ಒಪ್ಪುವುದಿಲ್ಲ.

ಮದ್ದು ಹತ್ತಿದ ಮೇಲೆ ಏನು ಮಾಡುತ್ತಾರೆ? ಕೆಟಮಿನ್ ಕೊಟ್ಟ ಪ್ರಾಣಿಯ ಕಣ್ಣು ಮುಚ್ಚುವುದಿಲ್ಲ, ತೆರೆದೇ ಇರುತ್ತದೆ. ಕಣ್ಣು ಒಣಗದಂತೆ ಔಷಧ ಹಾಕಿ ಬಟ್ಟೆ ಕಟ್ಟುತ್ತಾರೆ. ಉಸಿರು ಎಣಿಸುತ್ತಾರೆ. ಮೈ ಬಿಸಿಯೇರಿದರೆ ನೀರು ಚಿಮುಕಿಸುತ್ತಾರೆ. ಆಮೇಲೆ ಬೋನಿನಲ್ಲಿಟ್ಟು ಯೋಹಿಂಬಿನ್ ಎಂಬ ಪ್ರತಿಮದ್ದು ಕೊಡುವುದುಂಟು. ಅದು ಆಫ್ರಿಕಾದ ಒಂದು ಮರದ ತೊಗಟೆಯಿಂದ ಬಂದದ್ದು. ಅದು ಜೈಲಜಿನ್‌ನ ಬಲವನ್ನಷ್ಟೇ ಇಳಿಸುತ್ತದೆ. ಕೆಟಮಿನ್‌ಗೆ ಅಂತಹ ಪ್ರತಿಮದ್ದು ಇಲ್ಲ, ಅದು ತಾನಾಗಿಯೇ ಇಳಿಯುವವರೆಗೆ ಕಾಯಬೇಕು.

ಇನ್ನೊಂದು ಮಾತು ನಿಮಗಾಗಿಯೇ. ಗುರಿ ತಪ್ಪಿದ ಬಾಣ ಕಬ್ಬಿನ ನಡುವೆಯೋ ಮುಳ್ಳಿನ ಪೊದೆಯಲ್ಲಿಯೋ ಬಿದ್ದಿರುತ್ತದೆ. ಹಾರಿಸಿದ ಬಾಣಗಳನ್ನೆಲ್ಲ ಎಣಿಸಿ ಹುಡುಕುವುದು ತಂಡದವರ ಕೆಲಸ. ಆದರೂ ಒಂದು ಉಳಿದು ನಿಮ್ಮ ಕಣ್ಣಿಗೆ ಬಿತ್ತು ಎನ್ನಿ. ಬಣ್ಣದ ಕುಚ್ಚು ನೋಡಿದರೆ ಆಟದ ಸಾಮಾನಿನಂತೆ ಕಾಣುತ್ತದೆ. ಒಳಗೆ ಮದ್ದೂ ಇರಬಹುದು, ಒತ್ತಿದ ಗಾಳಿಯೂ ಇರಬಹುದು. ಮುಟ್ಟಬೇಡಿ. ತಮ್ಮ ತಂಗಿಯರನ್ನೂ ಮುಟ್ಟಲು ಬಿಡಬೇಡಿ. ಒಬ್ಬರು ದೂರದಲ್ಲಿ ಕಾವಲು ನಿಂತು, ಇನ್ನೊಬ್ಬರು ಹೋಗಿ ದೊಡ್ಡವರನ್ನು ಕರೆತನ್ನಿ.

ಅಭ್ಯಾಸ

1. ಬಾಣದ ಸೂಜಿಯ ತೂತು ತುದಿಯಲ್ಲಿರದೆ ಪಕ್ಕದಲ್ಲಿದೆ. ಅದನ್ನು ಮುಚ್ಚಿದ ರಬ್ಬರಿನ ಬಳೆಯ ಕೆಲಸವೇನು?
2. ಜನರ ಕೂಗಾಟದಿಂದ ಮದ್ದಿನ ಕೆಲಸ ಏಕೆ ಕೆಡುತ್ತದೆ?
3. ಬಾವಿಗೆ ಬಿದ್ದ ಚಿರತೆಗೆ ಮದ್ದಿನ ಬಾಣ ಏಕೆ ಹೊಡೆಯುವುದಿಲ್ಲ?
4. ಒಂದು ಸೀಸೆಯಲ್ಲಿ 10 ಮಿಲಿಲೀಟರು ಮದ್ದಿತ್ತು. ಎರಡು ಬಾಣಗಳಿಗೆ ತಲಾ 3 ಮಿಲಿಲೀಟರು ತುಂಬಿದರು. ಒಂದು ಬಾಣ ಗುರಿ ತಪ್ಪಿತು, ಅದು ಸಿಕ್ಕಲಿಲ್ಲ. ರಿಜಿಸ್ಟರಿನಲ್ಲಿ ಏನೇನು ಬರೆಯಬೇಕು?
5. ನಿಮ್ಮ ಊರಿನ ಹಿರಿಯರನ್ನು ಕೇಳಿ: ಅವರು ಚಿಕ್ಕವರಿದ್ದಾಗ ಯಾವ ಯಾವ ಕಾಡುಪ್ರಾಣಿಗಳು ಊರಿನ ಹತ್ತಿರ ಬರುತ್ತಿದ್ದವು? ಅವುಗಳ ಹೆಸರುಗಳನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯಿರಿ.