ಮರೆವಿನ ಕಾಯಿಲೆ: ಸ್ವಭಾವ ಬದಲಾದಾಗ ಮನೆಯವರು ಏನು ಮಾಡಬೇಕು?

"ಇಪ್ಪತ್ತು ವರ್ಷ ಇವರ ಚಾಕರಿ ಮಾಡೀನಿ ಸಿಸ್ಟರ್. ಈಗ ನನಗೇ ಕಳ್ಳಿ ಅಂತಾರ್ರೀ" ಎಂದು ಸೊಸೆಯೊಬ್ಬರು ವಾರ್ಡಿನ ಹೊರಗೆ ನಿಂತು ಅತ್ತರು. ಅತ್ತೆಯವರ ಬಳೆ ದಿಂಬಿನ ಚೀಲದಲ್ಲೇ ಇತ್ತು. ಇಟ್ಟವರೂ ಅವರೇ. ಇಟ್ಟದ್ದು ನೆನಪಿಲ್ಲ, ಬಳೆ ಕಾಣುತ್ತಿಲ್ಲ, ಹಾಗಾದರೆ ಯಾರೋ ತೆಗೆದಿರಬೇಕು ಎಂಬುದು ಅವರ ಲೆಕ್ಕ. ದಿನವಿಡೀ ಹತ್ತಿರ ಇರುವವರ ಮೇಲೆಯೇ ಅನುಮಾನ ಬರುವುದು ಹೀಗೆ.

ಡಿಮೆನ್ಷಿಯಾವನ್ನು ಅರಳುಮರಳು, ಮುದುಕರ ಹಠ ಎಂದು ತಳ್ಳಿಹಾಕಬೇಡಿ. ಮೆದುಳಿನ ಜೀವಕೋಶಗಳು ಹಾನಿಗೊಂಡು ನೆನಪು, ಮಾತು, ವಿವೇಚನೆ ಕುಂದುವ ಕಾಯಿಲೆ ಇದು. ಇದರಲ್ಲಿ ಆಲ್ಜೈಮರ್ ಬಗೆಯೇ ಹೆಚ್ಚು. ಆದ್ದರಿಂದ ವಾದ ಮಾಡಿ ಪ್ರಯೋಜನವಿಲ್ಲ. "ನಾನು ತೆಗೆದಿಲ್ಲ" ಎನ್ನುವ ಬದಲು "ಹೌದೇನವ್ವಾ? ಬರ್ರಿ, ಕೂಡಿ ಹುಡುಕೋಣು" ಎನ್ನಿ. ಅವರು ವಸ್ತು ಬಚ್ಚಿಡುವ ಜಾಗಗಳು ಸಾಮಾನ್ಯವಾಗಿ ಎರಡು ಮೂರೇ ಇರುತ್ತವೆ, ಗುರುತಿಟ್ಟುಕೊಳ್ಳಿ.

ಹೊತ್ತು ಮುಳುಗುವಾಗ ಕೆಲವರಿಗೆ ಚಡಪಡಿಕೆ ಹೆಚ್ಚುತ್ತದೆ. ಸ್ವಂತ ಮನೆಯಲ್ಲೇ ಕುಳಿತು "ಮನೆಗೆ ಹೋಗಬೇಕು" ಎನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಎಷ್ಟೋ ಸಲ ತವರುಮನೆ. ಕತ್ತಲಾಗುವ ಮೊದಲೇ ದೀಪ ಹಾಕಿ, ಟಿ.ವಿ. ಸದ್ದು ತಗ್ಗಿಸಿ, ಆ ಊರಿನ ಮಾತು ತೆಗೆಯಿರಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಿ. ಜೇಬಿನಲ್ಲಿ ಹೆಸರು, ಫೋನ್ ನಂಬರ್ ಬರೆದ ಚೀಟಿ ಇರಲಿ. ಮನೆಯಲ್ಲಿ ಒಬ್ಬರನ್ನೇ ಬಿಟ್ಟು ಹೊರಗಿನಿಂದ ಬೀಗ ಹಾಕಬೇಡಿ.

ಸ್ನಾನಕ್ಕೆ ಬೈದಾಡಿದರೆ ಒಂದೇ ಸಲಕ್ಕೆ ತಲೆ ಮೇಲೆ ನೀರು ಸುರಿಯಬೇಡಿ. ಪಾದದಿಂದ ಶುರು ಮಾಡಿ. ಅಂದು ಒಪ್ಪದಿದ್ದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿದರೂ ಸಾಕು.

ಇನ್ನು ಮುಖ್ಯ ವಿಷಯ. ಈ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಳ ಲೆಕ್ಕದಲ್ಲಿ ಹೆಚ್ಚುತ್ತದೆ. ಒಂದೆರಡು ದಿನದಲ್ಲೇ ಸ್ವಭಾವ ಬದಲಾದರೆ ಬೇರೆ ಕಾರಣವಿದೆಯೇ ಎಂದು ನೋಡಲೇಬೇಕು. ಶಾಂತವಾಗಿದ್ದ ಒಬ್ಬ ಅಜ್ಜನವರು ಎರಡು ರಾತ್ರಿಯಿಂದ ಹೊಡೆಯಲು ಬರುತ್ತಿದ್ದಾರೆ ಎಂದು ಕರೆತಂದಿದ್ದರು. ಕಿಬ್ಬೊಟ್ಟೆ ಮುಟ್ಟಿ ನೋಡಿದರೆ ಮೂತ್ರ ಕಟ್ಟಿ ಕಲ್ಲಿನಂತಾಗಿತ್ತು. ನಳಿಕೆ ಹಾಕಿ ಮೂತ್ರ ತೆಗೆದ ಮೇಲೆ ಮಗುವಿನಂತೆ ಮಲಗಿದರು. ನೋವೆಂದು ಹೇಳಲು ಅವರಿಗೆ ಮಾತು ಸಿಕ್ಕಿರಲಿಲ್ಲ, ಕೈ ಎತ್ತಿದ್ದರು ಅಷ್ಟೇ. ಮೂತ್ರದ ಸೋಂಕು, ಮಲಬದ್ಧತೆ, ಹಲ್ಲುನೋವು, ನೀರು ಕಡಿಮೆ ಕುಡಿದಿರುವುದು, ಹೊಸ ಮಾತ್ರೆ, ಇವುಗಳಲ್ಲಿ ಯಾವುದೂ ಇರಬಹುದು. ಜ್ವರ ಬಂದೇ ಬರಬೇಕೆಂದಿಲ್ಲ. ಅಂತಹವರನ್ನು ಅಂದೇ ವೈದ್ಯರಿಗೆ ತೋರಿಸಿ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿ ತನ್ನಿ.

ಮೆಡಿಕಲ್ ಶಾಪಿನಿಂದ ನೀವಾಗಿಯೇ ನಿದ್ದೆ ಮಾತ್ರೆ ತಂದು ಕೊಡಬೇಡಿ. ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಬಂದವರನ್ನು ನೋಡಿದ್ದೇವೆ. ನೆಗಡಿಯ ಕೆಲವು ಮಾತ್ರೆಗಳೂ ಗೊಂದಲ ಹೆಚ್ಚಿಸುತ್ತವೆ. ಮಂಚಕ್ಕೆ ಕಟ್ಟುವುದಂತೂ ಬೇಡ.

ನಿಮಗೂ ಸಿಟ್ಟು ಬರುತ್ತದೆ, ಒಮ್ಮೊಮ್ಮೆ ಕೂಗಿಯೂ ಬಿಡುತ್ತೀರಿ. ಅವರು ಸುರಕ್ಷಿತವಾಗಿದ್ದರೆ ಐದು ನಿಮಿಷ ಆಚೆ ಹೋಗಿ ಬನ್ನಿ. ಊರಿಂದ ಫೋನಿನಲ್ಲೇ ಸಲಹೆ ಕೊಡುವ ಅಣ್ಣ-ತಮ್ಮಂದಿರಿಗೆ ವಾರಕ್ಕೊಂದು ದಿನ ಬಂದು ನೋಡಿಕೊಳ್ಳಲು ಹೇಳಿ. ನಿಮಗೇ ಮನಸ್ಸು ಕುಗ್ಗಿದರೆ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಮುಂದಿನ ಸಲ ಬರುವಾಗ ಒಂದು ನೋಟ್‌ಬುಕ್ ತನ್ನಿ. ಎಷ್ಟು ಹೊತ್ತಿಗೆ ಕೆರಳಿದರು, ಅದಕ್ಕೆ ಮೊದಲು ಏನಾಗಿತ್ತು, ಯಾವುದರಿಂದ ಸಮಾಧಾನವಾಯಿತು ಎಂದು ಬರೆದಿಟ್ಟಿದ್ದರೆ ಒಟ್ಟಿಗೆ ಕುಳಿತು ನೋಡೋಣ.