ಹೊಳೆಯ ಹಾವು, ಕಡಲ ಹಾವು

ಅರಭಾವಿ ಸುತ್ತಮುತ್ತ ಹಾವು ಹಿಡಿದು ಬಿಡುತ್ತ ಕಲಿತದ್ದು ಇಷ್ಟು.

1. ಮೊದಲು ಬಾಲ ನೋಡಬೇಕು. 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ನೆರೆ ಇಳಿದ ಮೇಲೆ ಒಂದು ಮನೆಯ ಒಲೆಸಂದಿಯಲ್ಲಿ ಹಾವು ಸೇರಿತ್ತು. ಮೊಬೈಲಿನಲ್ಲಿ ವಿಡಿಯೊ ನೋಡಿದ್ದ ಹುಡುಗ, "ಅಣ್ಣಾ, ಇದು ಸಮುದ್ರದ ಹಾವು, ಭಾಳ ವಿಷ ಐತಂತ" ಎಂದ. ಹೊರಗೆ ಬಡಿಗೆ ಹಿಡಿದು ನಾಲ್ಕು ಮಂದಿ ನಿಂತಿದ್ದರು. ಹಿಡಿದು ಕೆಸರು ತೊಳೆದೆ. ಮೈತುಂಬ ಚೌಕಳಿ, ಕಣ್ಣಿನ ಕೆಳಗೆ ಎರಡು ಕರಿ ಗೆರೆ. ಬಾಲ ಬಾರುಕೋಲಿನ ತುದಿಯಂತೆ ದುಂಡಗೆ ಸಣ್ಣಗಾಗುತ್ತ ಹೋಗಿತ್ತು. ನೀರಹಾವು, ವಿಷವಿಲ್ಲ. ಸಿಟ್ಟಿಗೆದ್ದರೆ ಕುತ್ತಿಗೆ ಅಗಲಿಸುತ್ತದೆ. ನಾಗರವೆಂದು ಸಾಯುವುದೂ ಅದಕ್ಕೇ. ಕಡಲ ಹಾವಿನ ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆ.

2. ನೀರಿನಲ್ಲಿರುವುದೆಲ್ಲ ಒಂದೇ ಬಳಗವಲ್ಲ. ಕಡಲ ಹಾವುಗಳು ನಾಗರ, ಕಟ್ಟುಹಾವುಗಳ ಇಲಾಪಿಡೆ ಕುಟುಂಬದವು. ಅವುಗಳಲ್ಲೂ ಕಡಲ ಕಟ್ಟುಹಾವು ದಡಕ್ಕೆ ಬಂದು ಮೊಟ್ಟೆಯಿಡುತ್ತದೆ. ಉಳಿದವು ನೀರಲ್ಲೇ ಮರಿ ಹಾಕುತ್ತವೆ.

3. ಕಾರವಾರದ ದಡದಲ್ಲಿ ಬಲೆ ಎಳೆಯುವುದನ್ನು ನೋಡುತ್ತ ನಿಂತಿದ್ದೆ. ಮೀನಿನ ರಾಶಿಯಲ್ಲಿ ಬೂದು ಬಣ್ಣದ ಕಡಲ ಹಾವೊಂದು ಬಂತು. ಹೊಟ್ಟೆಯಡಿ ಅಗಲ ಹುರುಪೆಯಿಲ್ಲದ್ದರಿಂದ ಮರಳಿನ ಮೇಲೆ ಹರಿಯಲಾಗದೆ ಹೊರಳಾಡುತ್ತಿತ್ತು. ಹಿರಿಯರೊಬ್ಬರು ಬರಿಗೈಯಲ್ಲಿ ಬಾಲ ಹಿಡಿದು ನೀರಿಗೆಸೆದರು. ನನ್ನ ಎದೆ ಝಲ್ಲೆಂದಿತು. ನಮ್ಮೂರಲ್ಲಿ ವಿಷವಿಲ್ಲದ್ದನ್ನು ಹೆದರಿ ಕೊಲ್ಲುತ್ತೇವೆ, ಅಲ್ಲಿ ವಿಷದ್ದನ್ನು ಸಲಿಗೆಯಿಂದ ಮುಟ್ಟುತ್ತಾರೆ. ಅದನ್ನು ಕೊಲ್ಲದೆ ಬಿಟ್ಟರಲ್ಲ, ಆ ಗುಣ ಮಾತ್ರ ನಮಗೂ ಬೇಕು.

4. "ಹೊಳಿಗುಂಟ ಬರೂದಿಲ್ಲೇನ್ರೀ?" ಎಂದು ಕೇಳುವವರಿದ್ದಾರೆ. ಕೆಲವು ಜಾತಿ ಅಳಿವೆಗೆ ಬರುವುದುಂಟು. ಆದರೆ ಘಟಪ್ರಭೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುವ ಹೊಳೆ. ನಡುವೆ ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರದ ಅಣೆಕಟ್ಟುಗಳಿವೆ. ಹಳದಿ ಹೊಟ್ಟೆಯ ಕಡಲ ಹಾವು ಆಫ್ರಿಕದ ಪೂರ್ವ ದಂಡೆಯಿಂದ ಅಮೆರಿಕದ ಪಶ್ಚಿಮ ದಂಡೆಯವರೆಗೆ ತೇಲಾಡುತ್ತದೆ. ಅಂಥದ್ದೂ ಅಟ್ಲಾಂಟಿಕ್‌ನಲ್ಲಿ ನೆಲೆಯೂರಿಲ್ಲ. ಆಫ್ರಿಕದ ನೈಋತ್ಯದ ತಣ್ಣೀರೇ ಅದಕ್ಕೆ ತಡೆ ಎನ್ನುತ್ತಾರೆ ತಿಳಿದವರು.

5. ಯಾವ ಹಾವು ಕಡಿದರೂ ಆಸ್ಪತ್ರೆಗೇ ಹೋಗಿ. ನಮ್ಮಲ್ಲಿ ಕೊಡುವ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲದ ವಿಷಕ್ಕೆ ತಯಾರಾದದ್ದು, ಕಡಲ ಹಾವಿಗಲ್ಲ. ಕಡಲ ಹಾವು ಕಚ್ಚಿದಾಗ ನೋವು ಕಡಿಮೆ. ಕೆಲವು ತಾಸಿನ ಮೇಲೆ ಮೈಕೈ ಬಿಗಿದು ಮೂತ್ರ ಕಪ್ಪಾಗುತ್ತದೆ. ಗೋವಾ, ಕಾರವಾರದ ಕಡೆ ದೋಣಿ ಕೆಲಸಕ್ಕೆ ಹೋಗುವ ನಮ್ಮ ಹುಡುಗರಿಗೆ ಇದನ್ನು ಹೇಳಿಯೇ ಕಳಿಸುತ್ತೇನೆ.